ಮಲಪ್ರಭೆಯ ದಂಡೆಯಲ್ಲಿ ಪೆಟ್ರೋಲ್ ಟಾಕಿ ಬಿಚ್ಚಿದ್ದು

೧೯೨೭ರ ಮೇ ತಿಂಗಳು. ನಾನಾಗ ಬೆಳಗಾವಿ ಕ್ಯಾಂಪಿನ ಒಂದು ಮೋಟಾರ್ ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್. ಕಾರು, ಲಾರಿ ಎಷ್ಟೋ ಬಿಚ್ಚಿ ಕಟ್ಟಿದ್ದೆ. ಬೋಟು ಮಾತ್ರ ಮುಟ್ಟಿರಲಿಲ್ಲ. ಖಾನಾಪುರದ ಕಟ್ಟಿಗೆ ವ್ಯಾಪಾರಿ ಶಿವಲಿಂಗಪ್ಪನವರು ಗೋವೆಯ ಬಂದರಿನಲ್ಲಿ ಹಳೆಯ ಮೋಟಾರ್ ಬೋಟೊಂದನ್ನು ಕೊಂಡು, ರೈಲಿನಲ್ಲಿ ತರಿಸಿ, ಎಂಟು ಜೋಡಿ ಎತ್ತು ಕಟ್ಟಿ ಮಲಪ್ರಭೆಯ ದಂಡೆಗೆ ಎಳೆಸಿದ್ದರು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಜನರನ್ನು ಆಚೆ ದಡಕ್ಕೆ ದಾಟಿಸುವ ಯೋಚನೆ ಅವರದು. ಆದರೆ ಅದರ ಎರಡೂ ಪೆಟ್ರೋಲ್ ಟಾಕಿಗಳು ತುಕ್ಕು ಹಿಡಿದು ಸೋರುತ್ತಿದ್ದವು. ಜೂನ್ ಮೊದಲ ವಾರದ ಮಿರಗದ ಮಳೆ ಬೀಳುವುದರೊಳಗೆ ಅವನ್ನು ತೆಗೆದು ಹೊಸವನ್ನು ಕೂಡ್ರಿಸುವ ಕೆಲಸ ನನ್ನ ಪಾಲಿಗೆ ಬಂತು.

ಹೇಳಿದಷ್ಟು ಸುಲಭವಿರಲಿಲ್ಲ. ಪುಣ್ಯಾತ್ಮರು ಮೊದಲು ಟಾಕಿ ಇಟ್ಟು ಆಮೇಲೆ ಅದರ ಸುತ್ತ ಬೋಟು ಕಟ್ಟಿದ್ದರು. ಮೇಲಿನ ಹಲಗೆ ಕೊಯ್ದು, ಒಬ್ಬ ಮನುಷ್ಯ ಒಳಗೆ ತೂರಿ, ಅಂಗಾತ ಮಲಗಿ ಬೋಲ್ಟು ಬಿಚ್ಚಬೇಕು. ಆ ಮನುಷ್ಯ ಬಾಬು ತಾಂಬಟ. ಬೆಳಗಾವಿಯ ತಾಮ್ರ-ತಗಡಿನ ಕೆಲಸಗಾರ. ಹೊಸ ಟಾಕಿಗಳನ್ನು ಮಾಡಿದವನೂ ಅವನೇ. ಕಡ್ಡಿಯಂಥ ಮೈ, ಮನೆಯಲ್ಲಿ ಮೂರು ಸಣ್ಣ ಮಕ್ಕಳು.

ನಾನು ಅಂಜಿದ್ದೆ, ಮುಚ್ಚಿಡುವುದೇನು? ಪೆಟ್ರೋಲಿಗಿಂತ ಅದರ ಆವಿ ಕೆಟ್ಟದ್ದು. ಗಾಳಿಗಿಂತ ಭಾರವಾದ್ದರಿಂದ ಬೋಟಿನ ತಳದಲ್ಲಿ ನೀರಿನಂತೆ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಂದು ಕಿಡಿ ಸಾಕು. ಬೆಳಿಗ್ಗೆಯೇ ಆಳುಗಳನ್ನು ಸಾಲಾಗಿ ನಿಲ್ಲಿಸಿ ಕಡ್ಡಿಪೆಟ್ಟಿಗೆಗಳನ್ನೆಲ್ಲ ಕಸಿದುಕೊಂಡೆ.

“ಇಲ್ಲಿ ಯಾರರ ಬೀಡಿ ಹಚ್ಚಿದ್ರ ನಾ ಸುಮ್ನಿರಾಂವ ಅಲ್ಲ” ಎಂದೆ.

ಶಿವಲಿಂಗಪ್ಪನವರು ನಕ್ಕರು. “ಖಾಲಿ ಟಾಕಿಗೆ ಇಷ್ಟ್ಯಾಕ ಅಂಜತೀರಿ, ಮೇಸ್ತ್ರಿ?”

“ಅದು ನಮ್ಮ ಕೆಲಸರೀ. ನೀವು ದೂರ ಕುಂದರ್ರಿ” ಎಂದೆ. ವಿವರಿಸುತ್ತ ಕೂಡುವ ತಾಳ್ಮೆ ಆಗ ನನಗಿರಲಿಲ್ಲ.

ಎಡಗಡೆಯ ಟಾಕಿಯ ತಳದಲ್ಲಿ ಉಳಿದಿದ್ದ ಪೆಟ್ರೋಲನ್ನು ಡಬ್ಬಿಗಳಿಗೆ ಬಸಿದು ದೂರ ಸಾಗಿಸಿದೆವು. ಟಾಕಿಗೆ ನೀರು ತುಂಬಿ ಒಳಗಿನ ಆವಿಯನ್ನು ಹೊರದಬ್ಬಿದೆವು. ಆದರೆ ಮೊದಲೇ ಸೋರಿದ್ದು ತಳದ ಸಂದುಗಳಲ್ಲಿ ಇನ್ನೂ ಇತ್ತು. ಬಾಬು ಐದೈದು ನಿಮಿಷಕ್ಕೆ ಹೊರಗೆ ಬಂದು ಉಸಿರೆಳೆದುಕೊಂಡು ಮತ್ತೆ ಒಳಗೆ ಹೋಗುತ್ತಿದ್ದ. ಕಬ್ಬಿಣದ ಸುತ್ತಿಗೆ ಕೊಟ್ಟಿರಲಿಲ್ಲ, ಕಿಡಿ ಹಾರೀತೆಂದು ಕಟ್ಟಿಗೆಯ ಕೊಡತಿ ಕೊಟ್ಟಿದ್ದೆ. ಹೊರಗಿನಿಂದ ಅವನ ಎರಡು ಕಾಲಷ್ಟೇ ಕಾಣುತ್ತಿದ್ದವು.

ಹತ್ತು ಗಂಟೆಯ ಸುಮಾರಿಗೆ ತಲೆ ಎತ್ತಿದೆ. ಶಿವಲಿಂಗಪ್ಪನವರ ತಾಯಿ ಗೌರವ್ವ ದಂಡೆಯ ಏರಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಆರತಿ ತಟ್ಟೆ, ಅದರಲ್ಲಿ ಉರಿಯುವ ಎರಡು ದೀಪ. ಹೊಸ ಕೆಲಸಕ್ಕೆ ಕೈ ಹಚ್ಚಿದ್ದಾರೆ, ಪೂಜೆ ಇಲ್ಲದೆ ಹೇಗೆ ಎಂದು ಮನೆಯಿಂದಲೇ ಹಚ್ಚಿಕೊಂಡು ಬಂದಿದ್ದರು. ಅವರಿಗೂ ಬೋಟಿಗೂ ನಡುವೆ ಹತ್ತು ಹೆಜ್ಜೆ ಇದ್ದಿರಬೇಕು. ಗಾಳಿ ಬೋಟಿನ ಮೇಲಿಂದ ನೇರ ಅವರತ್ತ ಬೀಸುತ್ತಿತ್ತು.

ಕೂಗಿದರೆ ಬೆಚ್ಚಿ ತಟ್ಟೆ ಕೈಬಿಟ್ಟಾರು. ದೀಪ ಆರಿಸಿ ಎಂದರೆ ಅಪಶಕುನ ಆಡಿದನೆಂದು ಹಟ ಹಿಡಿದು ಮುಂದೆ ಬಂದಾರು, ಬಂದರೆ ಬಾಬು ಒಳಗೇ ಸುಟ್ಟು ಹೋಗುತ್ತಾನೆ.

“ಅವ್ವಾರ,” ಎಂದೆ. ದನಿ ಏರಿಸಲಿಲ್ಲ. “ಮೊದಲ ಹೊಳಿ ಗಂಗವ್ವಗ ಆರತಿ ಆಗಬೇಕಲ್ಲರೀ? ಬೋಟು ಆಮ್ಯಾಲ.”

ಅವರು ನಿಂತರು. “ಖರೇ ಐತಿ ನೋಡಪಾ. ಮರತಿದ್ದೆ.”

“ಆ ಬಾಜು ಹಾದಿ ಛಲೋ ಐತಿ. ಹಂಗ ಬಳಸಿ ಹೋಗ್ರಿ.”

ಅವರು ದೂರದಿಂದ ಬಳಸಿ ನೀರಿನತ್ತ ಇಳಿದರು. ನಾನು ಬಾಬುವಿನ ಕಾಲು ಹಿಡಿದು ದರದರ ಎಳೆದೆ. ಬೆನ್ನು ತರಚಿ ಮರಾಠಿಯಲ್ಲಿ ಬೈಯುತ್ತ ಹೊರಬಂದವನು ಹೊಳೆಯ ಅಂಚಿನ ದೀಪ ಕಂಡು ಗಪ್ಪಾದ.

ದೀಪ ಆರಿದ ಮೇಲೆ ಎಲ್ಲರನ್ನೂ ಕರೆದೆ. ಬೋಟಿನ ತಳ ಒರೆಸಿದ ಚಿಂದಿಯೊಂದನ್ನು ಬಕೀಟಿನಲ್ಲಿ ಹಾಕಿ, ನೂರು ಹೆಜ್ಜೆ ಆಚೆ ಉಸುಕಿನಲ್ಲಿ ಇಟ್ಟು, ದೂರದಿಂದ ಉರಿಯುವ ಕೊಳ್ಳಿ ಎಸೆದೆ. ಕೊಳ್ಳಿ ಬಕೀಟು ಮುಟ್ಟುವ ಮೊದಲೇ ಭುಗ್ಗೆಂದು ಬೆಂಕಿ ಎದ್ದಿತು. ಶಿವಲಿಂಗಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು.

ಗೌರವ್ವ ಬಾಬುವಿನ ತರಚಿದ ಬೆನ್ನು ನೋಡಿದರು. “ನಾ ಬಂದಾಗ ಇವ ಒಳಗಿದ್ದನೇನು?”

“ಹೌದ್ರಿ.”

ಅವರು ಅಲ್ಲೇ ಉಸುಕಿನಲ್ಲಿ ಕುಳಿತುಬಿಟ್ಟರು. “ಬೀಡಿ ಸೇದಬ್ಯಾಡ್ರಿ ಅಂದಿ ಅಂತ ಆಳುಗಳು ಹೇಳಿದ್ರು. ಯಾಕ ಅಂತ ಒಬ್ರಿಗೂ ಗೊತ್ತಿರಲಿಲ್ಲ. ಯಾಕ ಹೇಳಲಿಲ್ಲಪಾ?”

ಅವರ ತಪ್ಪೇನಿತ್ತು? ದೇವರ ದೀಪವನ್ನು ಬೀಡಿಯ ಸಾಲಿಗೆ ಯಾರು ಸೇರಿಸುತ್ತಾರೆ?

ಮರುದಿನ ಬಲಗಡೆಯ ಟಾಕಿ. ಗೌರವ್ವ ಬೆಳಗಿನಿಂದಲೇ ಹಾದಿಗೆ ಅಡ್ಡ ಕುಳಿತು, ಬಂದವರಿಗೆಲ್ಲ “ವಾಸನಿಗೂ ಬೆಂಕಿ ಹತ್ತತೈತಿ, ಒಳಗ ಒಬ್ಬ ಮನಶ್ಯಾ ಅದಾನ” ಎನ್ನುತ್ತಿದ್ದರು. ಒಬ್ಬರೂ ಹತ್ತಿರ ಸುಳಿಯಲಿಲ್ಲ. ಮಿರಗಕ್ಕೆ ನಾಲ್ಕು ದಿನ ಮುಂಚೆ ಬೋಟು ನೀರಿಗಿಳಿಯಿತು.

ಆಮೇಲೆ ಮೂವತ್ತು ವರ್ಷ ಟಾಕಿ ಬಿಚ್ಚಿಸಿದ್ದೇನೆ. ಪ್ರತಿ ಸಲವೂ ಒಳಗೆ ಇಳಿಯುವವನನ್ನು ಮೊದಲು ಎಲ್ಲರೆದುರು ನಿಲ್ಲಿಸುತ್ತಿದ್ದೆ. ಅವನ ಹೆಸರು ಹೇಳಿ, ಮಕ್ಕಳೆಷ್ಟು ಎಂದು ಅವನ ಬಾಯಿಂದಲೇ ಹೇಳಿಸಿ, ಬೆಂಕಿ ತಂದರೆ ಅವನಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಿಯೇ ಕೆಲಸ ಹಿಡಿಸುತ್ತಿದ್ದೆ.