ಮೀರಾಬಾಯಿ ವೈನಿಯ ಪಟ್ಟೆಪಟ್ಟೆ ಡೇರೆ

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಮಹಾರುದ್ರಪ್ಪ ಹಿಟ್ಟಿನ ಗಿರಣಿ ಅಂತ ಒಂದಿದೆ. ಹೆಸರು ಮಹಾರುದ್ರಪ್ಪಣ್ಣನದು, ನಡೆಸುವವರು ಅವನ ಹೆಂಡತಿ, ಓಣಿಗೆಲ್ಲ ಅತ್ತಿಗೆಯಾದ ಮೀರಾಬಾಯಿ ವೈನಿ. ಹಿಟ್ಟು ಮುಟ್ಟಿಸಲು ವೈನಿ ಓಡಿಸುವ ಸ್ಕೂಟರಿನ ಮೇಲೂ ಗಂಡನ ಹೆಸರೇ ಬರೆದಿದೆ. ಅಣ್ಣನ ಕೆಲಸವೆಂದರೆ ಕಟ್ಟೆಯ ಮೇಲೆ ಕುಳಿತು ದೇಶದ ಚಿಂತೆ ಮಾಡುವುದು. ದೇಶ ದೊಡ್ಡದು, ಒಬ್ಬನಿಂದ ಆಗುವ ಚಿಂತೆಯಲ್ಲ. ಹೀಗಾಗಿ ಪಕ್ಕದ ಮನೆಯ ನಾನು, ಲಾಲಪ್ಪ, ಅಲ್ಲಿ ಖಾಯಂ ಸದಸ್ಯ. ಹೊತ್ತುಹೊತ್ತಿಗೆ ಒಳಗಿನಿಂದ ಚಹಾ ಬರುತ್ತಿತ್ತು. ಅದನ್ನು ಯಾರು ಮಾಡುತ್ತಾರೆ ಎಂಬುದು ದೇಶದ ಚಿಂತೆಯಲ್ಲಿ ಸೇರಿರಲಿಲ್ಲ.

ಅಂಥ ವೈನಿ ಕಳೆದ ದೀಪಾವಳಿ ಮುಗಿದದ್ದೇ, ಸ್ಕೂಟರಿನ ಮೇಲೆ ಒಬ್ಬರೇ ಅಮೃತಸರದವರೆಗೆ ಹೋಗಿ ಬರುತ್ತೇನೆ ಎಂದರು. ಹಗಲು ಊರು ನೋಡುವುದು, ರಾತ್ರಿ ಡೇರೆ ಹಾಕಿ ಮಲಗುವುದು. ಅಣ್ಣ ನಕ್ಕ. ಅವನು ನಕ್ಕ ಮೇಲೆ ನಾವೂ ನಕ್ಕೆವು. ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ಅವನು ಕೇಳಿದಾಗ ವೈನಿ ಗಿರಣಿ ಬಂದ್ ಮಾಡಿ ಹೊರಗೆ ಬಂದರು.

"ಒಂದ್ ರಾತ್ರಿ ನನ್ನ ಡೇರೇದಾಗ ನಾ ಒಬ್ಬಾಕಿನೇ ಇರಬೇಕ್ರಿ. ಯಾರಿಗೂ ಚಹಾ ಮಾಡಿ ಕೊಡದಂಗ. ಅಷ್ಟೇ ಆಸೆ."

ಇಷ್ಟು ಸಣ್ಣ ಆಸೆಗೆ ಅಮೃತಸರ ಯಾಕೆ ಎಂದು ಕಟ್ಟೆಯಲ್ಲಿ ದೀರ್ಘ ಚರ್ಚೆ ನಡೆಯಿತು. ಚರ್ಚೆಗೆ ಚಹಾ ವೈನಿಯೇ ಕೊಟ್ಟರು.

ಡೇರೆ ಹೊಲಿದದ್ದು ಎದುರು ಮನೆಯ ಹಜಿರಾ ಬೀ. ಅವರ ಯಜಮಾನರು ಮದುವೆಗಳಿಗೆ ಶಾಮಿಯಾನ ಹಾಕುವವರು. ಹಳೆಯ ಶಾಮಿಯಾನದ ಕೆಂಪು-ಹಳದಿ ಪಟ್ಟೆಯ ಬಟ್ಟೆಗೆ ಒಳಗೆ ಖಾಕಿ ಅಸ್ತರು ಕೊಟ್ಟು ಗಟ್ಟಿಯಾಗಿ ಹೊಲಿದರು. ಮುಂದೇನಾಗಬಹುದು ಎಂಬುದು ಅಷ್ಟು ಬುದ್ಧಿವಂತರಿರುವ ಓಣಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ದೂರದ ಪ್ರಯಾಣಕ್ಕೆ ಮೊದಲು ಹುಮನಾಬಾದ್ ಮಗ್ಗುಲಿನ ಮಾಣಿಕನಗರದ ದೇವಸ್ಥಾನಕ್ಕೆ ಹೋಗಿ ಪ್ರಭುಗಳಿಗೆ ಕೈಮುಗಿಯುವುದು ಅವರ ಮನೆಯ ರೂಢಿ. ಮೊದಲ ಡೇರೆಯೂ ಅಲ್ಲೇ ಬಿತ್ತು. ಗೂಟ ಹೊಡೆದು ಮುಗಿಯುವ ಮೊದಲೇ ಒಂದು ಕುಟುಂಬ ಬಂದು ಊಟ ಎಷ್ಟು ಹೊತ್ತಿಗೆ ಎಂದು ಕೇಳಿತು. ನಮ್ಮ ಕಡೆ ಆ ಪಟ್ಟೆ ಕಂಡಲ್ಲಿ ಬುಂದಿ ಇರಲೇಬೇಕು. ಬಂದವರನ್ನು ಬರಿಗೈಲಿ ಕಳಿಸಲು ವೈನಿಗೆ ಮನಸ್ಸಾಗಲಿಲ್ಲ. ಸ್ಟವ್ ತೆಗೆದು ಚಹಾಕ್ಕಿಟ್ಟರು.

ಮುಂದೆ ಭಾಷೆ ಬದಲಾಯಿತು, ಬಟ್ಟೆಯ ಮಹಿಮೆ ಬದಲಾಗಲಿಲ್ಲ. ಮರಾಠಿ ಸೀಮೆಯ ವೇರುಳದಲ್ಲಿ ಯಾರ ಲಗ್ನ ಎಂದು ಕೇಳಿದರು, ಉದಯಪುರದಲ್ಲಿ ಯಾರ ಶಾದಿ ಎಂದರು. ಲಗ್ನವಿಲ್ಲ, ಒಬ್ಬಳೇ ಇದ್ದೇನೆ ಎಂದರೆ ಇನ್ನೂ ಕಷ್ಟ. ಹೆಂಗಸೊಬ್ಬಳು ಬಯಲಲ್ಲಿ ಮಲಗುವುದೇ ಎಂದು ಮರುಗಿ ಮನೆಗೆ ಕರೆದೊಯ್ಯುವರು. ಅಲ್ಲಿ ವೈನಿಯ ಜೋಳದ ಹಿಟ್ಟಿನ ಚೀಲ ಕಣ್ಣಿಗೆ ಬೀಳುವುದು. ನಿಮ್ಮ ಕಡೆಯ ರೊಟ್ಟಿ ಮಾಡಿ ತೋರಿಸಿ ಎಂದು ಪ್ರೀತಿಯಿಂದ ಕೇಳುವರು. ಉದಯಪುರದ ಕೆರೆಯನ್ನು ವೈನಿ ನೋಡಿದ್ದು ರೊಟ್ಟಿ ಬಡಿಯುತ್ತ, ಅಡುಗೆಮನೆಯ ಕಿಟಕಿಯಿಂದ. ಅಮೃತಸರದಲ್ಲಾದರೂ ಗುರುದ್ವಾರದ ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂದು ಹೋದವರು, ರೊಟ್ಟಿ ಲಟ್ಟಿಸುವ ಹೆಂಗಸರನ್ನು ಕಂಡದ್ದೇ ತಮಗೆ ತಿಳಿಯದಂತೆ ಅವರ ಸಾಲಿನಲ್ಲಿ ಕೂತುಬಿಟ್ಟಿದ್ದರು. ಅಣ್ಣ ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಇದನ್ನು ಹೇಳುವಾಗ ಅವರ ದನಿ ನಡುಗಿದ್ದು ಕಟ್ಟೆಯ ಮೇಲಿದ್ದ ನನಗೂ ಕೇಳಿತು. ಅಣ್ಣ ಮಾತ್ರ, ಪುಣ್ಯ ಬಂತು ಬಿಡು ಎಂದ. ನನಗೆ ಅವನ ಮೇಲೆ ನಿಜವಾಗಿ ಸಿಟ್ಟು ಬಂತು. ಸಿಟ್ಟಿನಲ್ಲೇ, ಅವನು ಹೋಟೆಲಿನಿಂದ ತರಿಸಿದ್ದ ಚಹಾ ಕುಡಿದು ಎದ್ದೆ.

ಆಮೇಲೆ ಒಂದು ದಿನ ಬೀಗರ ಮನೆಗೆಂದು ಹುಮನಾಬಾದ್ ಆಚೆಯ ಮನ್ನಾಏಖೇಳ್ಳಿಗೆ ಹೋದೆ. ಹೆದ್ದಾರಿ ಬಿಟ್ಟು ತೊಗರಿ ಹೊಲದ ದಾರಿ ಹಿಡಿದರೆ, ಬೇವಿನ ಗಿಡದ ಕೆಳಗೆ ಒಂದು ಖಾಕಿ ಡೇರೆ. ರಸ್ತೆ ಅಗಲ ಮಾಡುವ ಸರ್ವೇದವರಿರಬೇಕು, ಎದುರಿಗೆ ಬಿದ್ದರೆ ಹೊಲ ಅಳೆದಾರು ಎಂದು ಊರವರು ಅತ್ತ ಹಾಯುತ್ತಲೇ ಇರಲಿಲ್ಲ. ನಾನೂ ಸರಿದು ಹೋಗುತ್ತಿದ್ದೆ. ಆದರೆ ಪಕ್ಕದಲ್ಲಿ ನಿಂತ ಸ್ಕೂಟರಿನ ಮೇಲೆ ಮಹಾರುದ್ರಪ್ಪ ಹಿಟ್ಟಿನ ಗಿರಣಿ ಎಂದು ಬರೆದಿತ್ತು.

ವೈನಿ ಕಾಲು ಚಾಚಿ ಕೂತು ಹಸಿ ತೊಗರಿಕಾಯಿ ಬಿಡಿಸಿ ತಿನ್ನುತ್ತಿದ್ದರು. ನನ್ನನ್ನು ಕಂಡು ಬೆಚ್ಚಲಿಲ್ಲ. ಊರು ಹತ್ತಿರ ಬಂದಾಗ ಬುದ್ಧಿ ಬಂದು, ಅಸ್ತರು ಹೊರಗೆ ಬರುವಂತೆ ಡೇರೆಯನ್ನು ತಿರುವಿ ಹಾಕಿದ್ದಾಗಿಯೂ, ಅಂದಿನಿಂದ ಒಂದು ನರಪಿಳ್ಳೆಯೂ ಸುಳಿದಿಲ್ಲವೆಂದೂ ಹೇಳಿದರು. ಅಷ್ಟರಲ್ಲಿ ಫೋನ್ ಬಂತು. ಅಣ್ಣನದು.

"ಇನ್ನಾ ನಾಗಪುರದಾಗೇ ಅದೀನ್ರಿ," ಎಂದರು ವೈನಿ, ನನ್ನ ಮುಖವನ್ನೇ ನೋಡುತ್ತ. "ಗಾಡಿ ರಿಪೇರಿ ನಡೆದದ."

ಫೋನ್ ಇಟ್ಟ ಮೇಲೂ ನಾನು ನಿಂತೇ ಇದ್ದೆ. ಯಾಕೆ ನಿಂತಿದ್ದೇನೆಂದು ನನಗಿಂತ ಮೊದಲು ಅವರಿಗೆ ತಿಳಿಯಿತು.

"ಕೂಡು ಲಾಲಪ್ಪ. ಚಹಾ ಮಾತ್ರ ಕೇಳಬ್ಯಾಡ."

ಒಂದು ಹಿಡಿ ತೊಗರಿಕಾಯಿ ಕೊಟ್ಟರು. ಹಜಿರಾ ಬೀಗೆ ಮಾತ್ರ ಗುಟ್ಟಾಗಿ ತಿಳಿಸು, ಡೇರೆ ಎರಡೂ ಮಗ್ಗುಲು ಚೆನ್ನಾಗಿದೆ ಎಂದರು. ಅವರು ಅಷ್ಟು ಸಮಾಧಾನವಾಗಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮರುದಿನ ಕಟ್ಟೆಯ ಮೇಲೆ ಅಣ್ಣ ನಾಗಪುರದ ಮೆಕ್ಯಾನಿಕರನ್ನೆಲ್ಲ ಬೈಯುತ್ತಿದ್ದ. ಇಲ್ಲಿಂದ ಎಷ್ಟು ದೂರ ಆಗುತ್ತದೆ ಎಂದು ನನ್ನನ್ನು ಕೇಳಿದ. ಬಹಳ ದೂರ ಎಂದೆ. ಎದ್ದು ಮನೆಗೆ ಬಂದು, ಹೆಂಡತಿ ಸತ್ಯಮ್ಮನಿಗೆ ನೀ ಕೂಡು ಎಂದು ಹೇಳಿ ನಾನೇ ಗ್ಯಾಸ್ ಹಚ್ಚಿದೆ. ಚಹಾಪುಡಿಯ ಡಬ್ಬಿ ಎಲ್ಲಿದೆ ಎಂದು ಅವಳನ್ನೇ ಕೇಳಬೇಕಾಯಿತು.