ಹೆಜ್ಜೆ ಉದ್ದ ಮಾಡು

ಇಪ್ಪತ್ತೆರಡು ವರ್ಷಗಳಿಂದ ಮೈದಾನದ ಅಂಚಿಗೆ ನಿಂತು ನಾನು ಕೂಗುತ್ತ ಬಂದಿರುವುದು ಒಂದೇ ಮಾತು: ಹೆಜ್ಜೆ ಉದ್ದ ಮಾಡು. ದೈಹಿಕ ಶಿಕ್ಷಕನಿಗೆ ಮಕ್ಕಳನ್ನು ಓಡಿಸುವ ಕೆಲಸ ಕಡಿಮೆ. ಮೊಟ್ಟೆ ಹಂಚು, ಗಣತಿಗೆ ಹೋಗು, ಗಣಿತದ ಮೇಷ್ಟ್ರು ರಜೆ ಹಾಕಿದರೆ ಅವರ ತರಗತಿ ಕಾಯಿ. ಉಳಿದ ವೇಳೆಯಲ್ಲಿ ಸೀಟಿ ಊದು. ಸಾಕಾಗಿದೆ. ಆದರೆ ಈ ಸುಸ್ತಿಗೆಲ್ಲ ಸರ್ಕಾರವನ್ನು ಬೈದು ಪಾರಾಗುವ ಹಾಗಿಲ್ಲ. ಎರಡು ವರ್ಷದ ಹಿಂದಿನ ಒಂದು ಜೊತೆ ಬೂಟಿನ ಪಾಲೂ ಇದರಲ್ಲಿದೆ.

ನಮ್ಮ ಶಾಲೆ ಇರುವುದು ಗಂಗಾವತಿಯ ಹತ್ತಿರ, ಮರಳಿಯ ಕಡೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು, ಗದ್ದೆಯ ಬದುವಿನ ಮೇಲೆ ನಡೆದು ಬೆಳೆದವಳು. ಒಂದೂವರೆ ಗೇಣಿನ ಆ ಕೆಸರು ಬದುವಿನ ಮೇಲೆ ಕಾಲು ಚಾಚಿದವರು ಸೀದಾ ನೀರಿಗೆ ಬೀಳುತ್ತಾರೆ. ಹಾಗಾಗಿ ಅವಳದು ಪುಟ್ಟ ಪುಟ್ಟ ಹೆಜ್ಜೆ, ಕಣ್ಣಿಗೆ ಸಿಗದಷ್ಟು ಚುರುಕು. ನಾನೋ ಮಂಗಳೂರಿನವನು. ಕಡಲ ದಂಡೆಯದಲ್ಲ, ಯಲಬುರ್ಗಾ ಕಡೆಯದು. ನಮ್ಮದು ಎರೆ ನೆಲ. ಸಾಲಿನಿಂದ ಸಾಲಿಗೆ ದಾಪುಗಾಲು ಹಾಕುವವರು ನಾವು. ಓಟವೆಂದರೆ ಹಾಗೇ ಇರಬೇಕೆಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಆ ವರ್ಷ ಕೊಪ್ಪಳದಲ್ಲಿ ಕ್ರೀಡಾ ವಸತಿ ಶಾಲೆಯೊಂದಕ್ಕೆ ಆಯ್ಕೆ ಇತ್ತು. ಒಂದೂವರೆ ಸಾವಿರ ಮೀಟರ್ ಓಟದಲ್ಲಿ ಮೊದಲು ಬಂದ ಮೂವರಿಗೆ ಸೀಟು. ಅವಳಿಗೆ ಅದೇ ಕೊನೆಯ ಅವಕಾಶ. ಮರುವರ್ಷ ವಯಸ್ಸು ಮೀರುತ್ತಿತ್ತು. ಸಿಕ್ಕರೆ ಕಾಲೇಜಿನವರೆಗೆ ಊಟ, ವಸತಿ, ಓದು. ಇಲ್ಲದಿದ್ದರೆ ಹತ್ತನೆಯ ತರಗತಿ ಮುಗಿದ ಮೇಲೆ ಅವ್ವನ ಜೊತೆ ಭತ್ತ ನಾಟಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಗಂಗಾವತಿಯ ಒಬ್ಬ ಡಾಕ್ಟರಮ್ಮ ದೂರದ ಓಟ ಓಡುವವರು. ತಾವು ಹಾಕಿ ಬಿಟ್ಟಿದ್ದ ಬೂಟನ್ನು ನಮ್ಮ ಹುಡುಗಿಗೆಂದು ತಂದುಕೊಟ್ಟರು. ದಪ್ಪನೆಯ ಮೆತ್ತನೆಯ ತಳ, ಅದರ ನಡುವೆ ಗಟ್ಟಿಯಾದ ಬಾಗಿದ ತಗಡು. ಕೈಯಲ್ಲಿ ಮಣಿಸಲು ಹೋದರೆ ಅದು ನನ್ನನ್ನೇ ತಳ್ಳಿತು! ಡಾಕ್ಟರಮ್ಮ ಅದನ್ನು ಹಾಕಿಕೊಂಡು ನಮ್ಮ ಮೈದಾನದಲ್ಲೇ ಒಂದು ಸುತ್ತು ಓಡಿ ತೋರಿಸಿದರು. ಎಂಥ ಹೆಜ್ಜೆ! ನಮ್ಮೂರಿನ ಹೆಜ್ಜೆ. ನನಗೆ ಖುಷಿಯೋ ಖುಷಿ.

“ನಂದು ಉದ್ದ ಹೆಜ್ಜಿ ರೀ, ಸರ,” ಎಂದರು ಅವರು. “ಕೆಲವರು ಸಣ್ಣ ಸಣ್ಣ ಹೆಜ್ಜಿ ಬೇಗ ಬೇಗ ಹಾಕತಾರ. ಈ ತಗಡು ಇಬ್ಬರಿಗೂ ಕೆಲಸ ಮಾಡತೈತಿ. ಆಕಿ ಹೆಂಗ ಓಡತಾಳೋ ಹಂಗ ಬಿಡ್ರಿ.”

ನಾನು ತಲೆಯಾಡಿಸಿದೆ. ಅವರು ಹೋದ ಮೇಲೆ ಸುಣ್ಣದ ಪುಡಿ ತಂದು, ಮಣ್ಣಿನಲ್ಲಿ ಮೂಡಿದ್ದ ಅವರ ಒಂದೊಂದು ಹೆಜ್ಜೆಗೂ ಗೆರೆ ಎಳೆದೆ.

ಮೂರು ವಾರ ಹುಡುಗಿಯನ್ನು ಆ ಗೆರೆಗಳ ಮೇಲೆ ಓಡಿಸಿದೆ. ಗೆರೆ ಮುಟ್ಟಲು ಅವಳು ಕಾಲನ್ನು ಮುಂದಕ್ಕೆ ಎಸೆಯಬೇಕಾಗುತ್ತಿತ್ತು. ಹಿಮ್ಮಡಿ ಮೊದಲು ನೆಲಕ್ಕೆ ಬಡಿಯುತ್ತಿತ್ತು, ಮೈ ಹಿಂದೆಯೇ ಉಳಿಯುತ್ತಿತ್ತು. ತಗಡು ತಳ್ಳುವುದಿರಲಿ, ಓಟಕ್ಕೇ ಬ್ರೇಕು ಬೀಳುತ್ತಿತ್ತು. ಇದೆಲ್ಲ ನನಗೆ ಈಗ ಕಾಣುತ್ತದೆ.

“ಸರ, ಮೀನಖಂಡ ಹಿಡೀತಾವ್ರಿ,” ಎಂದಳು ಒಂದು ದಿನ.

“ರೂಢಿ ಆಗತೈತಿ, ಹೆಜ್ಜಿ ಉದ್ದ ಮಾಡು,” ಎಂದೆ.

ಕೊಪ್ಪಳದಲ್ಲಿ ಆವತ್ತು ಬಿಸಿಲು ಭರ್ಜರಿ. ಕುಷ್ಟಗಿಯಿಂದ ಬಂದಿದ್ದ ಮೂವರು ಗಟ್ಟಿ ಹುಡುಗಿಯರು ಮೊದಲ ಸುತ್ತಿನಲ್ಲೇ ಮುಂದೆ ಹೋದರು. ನಮ್ಮವಳು ನಾನು ಕಲಿಸಿದ ಹಾಗೆಯೇ, ಒಂದು ಹೆಜ್ಜೆಯೂ ತಪ್ಪದಂತೆ ಓಡಿದಳು. ಕೊನೆಯ ಸುತ್ತಿನ ಹೊತ್ತಿಗೆ ಏಳನೆಯವಳು. ನಾನು ಕಂಬಿ ಹಿಡಿದು ಅದೇ ಮಾತು ಕೂಗುತ್ತಿದ್ದೆ.

ಕೊನೆಯ ತಿರುವಿನಲ್ಲಿ ಬೂಟಿನ ಸದ್ದು ಬದಲಾಯಿತು. ಹಿಮ್ಮಡಿಯ ದಪ್ ದಪ್ ನಿಂತು ಟಪಟಪಟಪ ಎಂಬ ಸಣ್ಣ ಸದ್ದು ಬಂತು. ಬದುವಿನ ಹೆಜ್ಜೆ! ತಗಡು ಅವಳ ಮುಂಗಾಲಿನ ಕೆಳಗೆ ಚುಟುಕು ಚುಟುಕಾಗಿ ಪುಟಿಯುತ್ತಿತ್ತು, ಅವಳು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಒಬ್ಬಳನ್ನು ದಾಟಿದಳು. ಇನ್ನೊಬ್ಬಳನ್ನು. ಮತ್ತೊಬ್ಬಳನ್ನು. ಮೂರನೆಯವಳ ಹೆಗಲ ಹತ್ತಿರ ಬಂದಾಗ ಓಟ ಮುಗಿದುಹೋಯಿತು. ಒಂದು ಮೊಳ ಕಮ್ಮಿ. ನಾಲ್ಕನೆಯವಳು.

ನನಗೆ ಅಲ್ಲೇ ಎಲ್ಲ ತಿಳಿಯಿತು. ಮೊದಲಿನಿಂದ ಅವಳನ್ನು ಅವಳ ಪಾಡಿಗೆ ಬಿಟ್ಟಿದ್ದರೆ ಸೀಟು ಸಿಗುತ್ತಿತ್ತು. ನಾಚಿಕೆಯಾಯಿತು. ತಪ್ಪು ನನ್ನದೆಂದು ಹೇಳಬೇಕೆಂದೇ ಅವಳ ಕಡೆ ನಡೆದೆ.

ಅವಳು ಬೂಟು ಕಳಚಿ ಕೈಯಲ್ಲಿ ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತಳು.

“ತಪ್ಪಾತ್ರಿ ಸರ. ಕಡೀಕ ಜೀವ ತಡೀಲಿಲ್ಲ. ನೀವು ಕಲಿಸಿದ ಹೆಜ್ಜಿ ಬಿಟ್ಟು ನನ್ನ ಹೆಜ್ಜಿ ಹಾಕಿಬಿಟ್ಟೆ. ಅದಕ್ಕ ಸೀಟು ಹೋತು. ಸಿಟ್ಟಾಗಬ್ಯಾಡ್ರಿ.”

ಸುತ್ತ ಬೇರೆ ಶಾಲೆಯ ಮೇಷ್ಟ್ರುಗಳಿದ್ದರು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

“ಇರ್ಲಿ ಬಿಡವಾ,” ಎಂದೆ.

ಅವಳು ಕಣ್ಣೊರೆಸಿಕೊಂಡಳು. ನಾನು ಸಿಟ್ಟಾಗಲಿಲ್ಲವೆಂದು ಎಷ್ಟು ಸಮಾಧಾನಪಟ್ಟಳೆಂದರೆ, ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಈಗ ಅವ್ವನ ಜೊತೆ ನಾಟಿಗೆ ಹೋಗುತ್ತಾಳೆ. ದಾರಿಯಲ್ಲಿ ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಾಳೆ. ನಮ್ಮ ಸರ ದೊಡ್ಡ ಮನಸ್ಸಿನವರು, ಒಂದು ಮಾತೂ ಅನ್ನಲಿಲ್ಲ ಎಂದು ಊರಲ್ಲೆಲ್ಲ ಹೇಳಿಕೊಂಡಿದ್ದಾಳಂತೆ.