ಆ ಕಾಟ್ಲಾ ಎಷ್ಟುದ್ದ ಇತ್ತು

ಮೀನು ನನ್ನ ಅಕ್ಕನ ತೋಳುಗಳಲ್ಲಿತ್ತು. ಇಷ್ಟನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಅದಕ್ಕಿಂತ ಹಿಂದಿನದು, ಮುಂದಿನದು ಹೇಳಹೊರಟರೆ ನನ್ನ ನೆನಪು ತನ್ನದೂ ಒಂದಿಷ್ಟು ಸೇರಿಸುತ್ತದೆ. ಗೊತ್ತಾದಲ್ಲೆಲ್ಲ ಹಿಡಿದು ತೋರಿಸುತ್ತೇನೆ.

ಹೋದ ಬೇಸಿಗೆಯ ಮಾತು. ಕಮತಗಿಯಿಂದ ಒಳದಾರಿ ಹಿಡಿದರೆ ನಮ್ಮ ಊರು, ಊರಿಗೊಂದು ಕೆರೆ. ಮಳೆಗಾಲದಲ್ಲಿ ಈ ದಂಡೆಯಲ್ಲಿ ಕೂಗಿದರೆ ಆ ದಂಡೆಗೆ ಕೇಳುವಷ್ಟು ಅಗಲ. ಬೇಸಿಗೆಯಲ್ಲಿ ಕೆಮ್ಮಿದರೂ ಕೇಳುತ್ತದೆ. ನಮ್ಮ ಓಣಿಯ ಮೀನು ಹಿಡಿಯುವವರ ಸಂಘ ಅದನ್ನು ಒಂದು ವರ್ಷದ ಮಟ್ಟಿಗೆ ಅಕ್ಕನಿಗೂ ಅವಳ ಜೊತೆಯ ಹೆಂಗಸರಿಗೂ ಬಿಟ್ಟುಕೊಟ್ಟಿತ್ತು. ಮಳೆ ಹಿಡಿದಾಗ ಅವರು ಬೆರಳುದ್ದದ ಕಾಟ್ಲಾ ಮರಿಗಳನ್ನು ಬಿಟ್ಟಿದ್ದರು. ಆಮೇಲೆ ಬಲೆಗೆ ಬಿದ್ದದ್ದೆಲ್ಲ ಜಿಲೇಬಿ ಮೀನು. ಹೆಸರು ಸಿಹಿ, ಬುದ್ಧಿ ಕಹಿ: ಯಾರೂ ಕರೆಯದೆ ಬಂದು, ಮರಿ ಹಾಕಿ ಹಾಕಿ ಕೆರೆ ತುಂಬಿ, ಉಳಿದ ಮೀನುಗಳ ಮೇವನ್ನೆಲ್ಲ ತಿಂದುಹಾಕುತ್ತದೆ.

ಸಂಘದಲ್ಲಿ ನಮ್ಮ ಕಾಕಾನ ಮಾತೇ ಹಿರಿದು. ಅವರು ತೀರ್ಮಾನ ಮಾಡಿಬಿಟ್ಟಿದ್ದರು.

"ನಿನ್ನ ಮರಿ ಒಂದೂ ಉಳದಿಲ್ಲ ಮಗಳ. ಮೋಟರ್ ಹಚ್ಚಿ ಕೆರಿ ಖಾಲಿ ಮಾಡೂಣು. ಕೆಸರು ಬಿಸಲಿಗೆ ಒಣಗಲಿ, ಈ ಜಿಲೇಬಿ ನಿರ್ವಂಶ ಆಗಲಿ."

"ಅದರ ಜೋಡಿ ನನ್ನ ಮೀನೂ ಹೋಗ್ತಾವಲ್ರಿ ಕಾಕಾ," ಎಂದಳು ಅಕ್ಕ.

"ಇದ್ದರಲ್ಲ ಹೋಗೂದು?"

"ಅದಾವು. ಒಂದ ಸಲ ಎಳಿಬಲಿ ಹಾಕೂಣು. ಮೊಳಕೈ ಉದ್ದದ್ದು ಒಂದ ಕಾಟ್ಲಾ ಸಿಕ್ಕರೂ ಮೋಟರ್ ಬ್ಯಾಡ. ಇನ್ನೊಂದು ವರ್ಷ ಕೆರಿ ನಮಗ."

"ಸಿಗಲಿಲ್ಲಂದ್ರ?"

"ಮೋಟರಿನ ಪೈಪು ನಾನ ಹೊತ್ತು ತರ್ತೇನಿ."

ಹೀಗೆ ಒಂದು ಮುಂಜಾನೆ ಎಲ್ಲರೂ ಕೆರೆಯಲ್ಲಿ. ಎಳೆಬಲೆ ಎಂದರೆ ಎರಡೂ ದಂಡೆಯಲ್ಲಿ ಜನ ನಿಂತು, ಕಸಬರಿಗೆ ಆಡಿಸಿದ ಹಾಗೆ ಕೆರೆಯನ್ನೇ ಗುಡಿಸುತ್ತ ಎಳೆಯುವ ಉದ್ದ ಬಲೆ. ಅದರ ದಾರಿಯಲ್ಲಿ ಮುಳ್ಳಿರಬಾರದು. ನಮ್ಮ ಕೆರೆಯಲ್ಲಿ ಮುಳ್ಳಿತ್ತು, ನಾವೇ ಹಾಕಿದ್ದು. ಕದ್ದು ಮೀನು ಹಿಡಿಯಲು ಬಂದವರ ಬಲೆ ಹರಿಯಲಿ ಎಂದು ಬಳ್ಳಾರಿ ಜಾಲಿಯ ಕಂಟಿಗಳಿಗೆ ಕಲ್ಲು ಕಟ್ಟಿ ತುಂಬಿದ ಕೆರೆಯಲ್ಲಿ ಮುಳುಗಿಸುವುದು ನಮ್ಮ ಓಣಿಯ ರೂಢಿ. ಗುರುತಿಗೆ ಕೋಲು ನೆಡುವುದಿಲ್ಲ, ನೆಟ್ಟರೆ ಕಳ್ಳನಿಗೂ ಕಾಣುತ್ತದೆ. ಜಾಗವನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು.

"ಕಂಟಿ ಎಲ್ಲಿ ಹಾಕೀರಿ?" ಕಾಕಾ ಕೇಳಿದರು.

"ಬಣವಿ ನೇರಕ್ಕ," ಎಂದು ಅಕ್ಕ ದಂಡೆಯತ್ತ ಕೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು. ಬಣವೆ ಇರಲಿಲ್ಲ. ಅದರ ಜೋಳದ ಕಣಿಕೆಯನ್ನು ಎಮ್ಮೆಗಳು ಎಂದೋ ತಿಂದು ಮುಗಿಸಿದ್ದವು.

"ಹಂಗಾರ ಎಮ್ಮಿ ಹೊಟ್ಟ್ಯಾಗ ಹುಡುಕ್ಬೇಕು," ಎಂದಳು ಹಗ್ಗ ಹಿಡಿದಿದ್ದ ಒಬ್ಬಾಕೆ.

"ನಾ ನೋಡೇನಿ. ನೀರಿನ ದಂಡಿಯಿಂದ ಹತ್ತ ಮಾರು ಒಳಗ," ಎಂದರು ಕಾಕಾ.

"ಯಾವ ದಂಡಿರಿ ಕಾಕಾ? ಆಗಿನ ದಂಡ್ಯಾಗ ಈಗ ಸೌತಿಬಳ್ಳಿ ಹಬ್ಬೇತಿ!" ಎಂದಳು ಅಕ್ಕ.

ನಾನೂ ಒಂದು ಜಾಗ ತೋರಿಸಿದೆ, ಭಾರೀ ಖಾತ್ರಿಯಿಂದ. ಕಂಟಿ ಮುಳುಗಿಸಿದ ದಿನ ನಾನು ಊರಲ್ಲೇ ಇರಲಿಲ್ಲ, ಇಳಕಲ್ಲಿನಲ್ಲಿದ್ದೆ ಎಂದು ಅಕ್ಕ ಆಮೇಲೆ ಹೇಳಿದಳು. ಇರಬಹುದು. ಆದರೆ ಕಂಟಿ ಒಳಗಿಳಿಯುವಾಗ ಎದ್ದ ಗುಳ್ಳೆಗಳು ನನಗೆ ಇವತ್ತಿಗೂ ಕಾಣುತ್ತವೆ. ನೋಡದ ಗುಳ್ಳೆಗಳು! ನೋಡಿದ ಎಷ್ಟೋ ಸಂಗತಿಗಳಿಗಿಂತ ಸ್ಪಷ್ಟ.

ಕೊನೆಗೆ ಯಾವ ಗುರುತೂ ಇಲ್ಲದೆ ಬಲೆ ಇಳಿಯಿತು. ಎಳೆದೆವು. ಹಗ್ಗ ಅಂಗೈಯನ್ನು ಸುಡುತ್ತಿತ್ತು. ಮೊದಲ ಸುತ್ತಿನಲ್ಲಿ ಜಿಲೇಬಿ. ಬಲೆಯ ತುಂಬ ಪಟಪಟ ಜಿಲೇಬಿ. ಕಾಕಾ ಬೀಡಿ ಹಚ್ಚಿದರು. ಅಕ್ಕ ಅವರ ಮುಖ ನೋಡದೆ ಬಲೆ ಕೊಡವಿ, "ಇನ್ನೊಮ್ಮಿ," ಎಂದಳು.

ಎರಡನೆಯ ಸುತ್ತಿನ ನಡುವೆ ಬಲೆ ನಿಂತಿತು. ಜಗ್ಗಿದೆವು, ಬರಲಿಲ್ಲ. ಕಂಟಿ ಸಿಕ್ಕಿತ್ತು, ಅಂದರೆ ಕಂಟಿಗೆ ನಾವು ಸಿಕ್ಕಿದ್ದೆವು. ಯಾರೂ ತೋರಿಸದ ಜಾಗದಲ್ಲಿ.

"ಜಗ್ಗಬ್ಯಾಡ್ರೋ, ಬಲಿ ಹರೀತದ!" ಕಾಕಾ ಕೂಗಿದರು. ಆ ಗದ್ದಲದಲ್ಲಿ ಆಚೆ ದಂಡೆಯವರಿಗೆ ಜಗ್ಗಿರಿ ಎಂದು ಕೇಳಿತೋ ಏನೋ, ಇನ್ನಷ್ಟು ಜಗ್ಗಿದರು. ಅಕ್ಕ ಮೈಮೇಲಿದ್ದ ಗಂಡನ ಹಳೆಯ ಅಂಗಿಯ ತೋಳು ಮಡಚಿ, ಸೀರೆ ಮೇಲೆ ಕಟ್ಟಿ ನೀರಿಗಿಳಿದಳು. ಮೊಣಕಾಲು, ಸೊಂಟ, ಎದೆ. ಬಗ್ಗಿ ಕೈಯಾಡಿಸಿದಳು.

ಆಗ ನೀರು ಒಡೆಯಿತು.

ಬಾಲ! ದೊಡ್ಡ ಬಾಲ, ಅಕ್ಕನ ಮುಖಕ್ಕೇ ಏಟು. ಅದರ ಹಿಂದೆ ಇನ್ನೊಂದು ನೆಗೆಯಿತು, ಅತ್ತ ಇನ್ನೊಂದು, ಕಂಟಿಯ ಸುತ್ತ ನೀರು ಕುದಿಯುವ ಅನ್ನದ ಹಾಗೆ. ನಾವು ಕೂಗಿದೆವು. ಏನು ಕೂಗಿದೆವೋ! ಒಬ್ಬಾಕೆ ಹಗ್ಗ ಬಿಟ್ಟು ಕುಣಿದೇಬಿಟ್ಟಳು. ನಾನು ಚಪ್ಪಲಿ ಸಮೇತ ನೀರಿನಲ್ಲಿದ್ದೆ, ಯಾವಾಗ ಇಳಿದೆನೋ ತಿಳಿಯದು. ನಾವು ಒಂದು ವರ್ಷ ಹುಡುಕಿದ ಮೀನೆಲ್ಲ ನಾವು ಮರೆತ ಮುಳ್ಳಿನೊಳಗೆ ಸಂಸಾರ ಹೂಡಿತ್ತು!

ಅಕ್ಕ ಎದ್ದು ನಿಂತಳು. ಎರಡೂ ತೋಳುಗಳಲ್ಲಿ, ಕೂಸನ್ನು ಎತ್ತಿಕೊಂಡ ಹಾಗೆ, ಒಂದು ಕಾಟ್ಲಾ. ದಪ್ಪ ತಲೆ, ಮೇಲ್ಮುಖವಾದ ಬಾಯಿ. ಅವಳ ಮುಂಗೈಯಲ್ಲಿ ಮುಳ್ಳು ಗೀರಿ ರಕ್ತ. ನಗುತ್ತಿದ್ದಳು.

"ಅಳೀರಿ ಕಾಕಾ! ಲಗೂ ಅಳೀರಿ!"

ಕಾಕಾ ಬೀಡಿ ಎಸೆದು ಬಂದರು. "ವರ್ಷದ ಮೊದಲನೇ ದೊಡ್ಡ ಮೀನು. ಗಂಗವ್ವಂದು. ಬಿಡು."

ಖರೆ, ಅದೂ ನಮ್ಮ ಓಣಿಯದೇ ರೂಢಿ. ವರ್ಷದ ಮೊದಲ ದೊಡ್ಡ ಮೀನಿಗೆ ಅರಿಶಿನ ಹಚ್ಚಿ, ನೀರಿನ ತಾಯಿ ಗಂಗವ್ವನಿಗೆಂದು ನೀರಿಗೆ ಬಿಡಬೇಕು. ಆದರೆ ಬಿಟ್ಟರೆ ಅಕ್ಕನ ಕೈಯಲ್ಲಿ ಸಾಕ್ಷಿಗೆ ಉಳಿಯುವುದೇನು? ಸಂಘದ ಅರ್ಧ ಜನ ಆಚೆ ದಂಡೆಯಲ್ಲಿದ್ದರು. ಬಲೆ ಮುಳ್ಳಿನಲ್ಲಿ, ಉಳಿದ ಮೀನು ಕೆಸರೆದ್ದ ನೀರಿನಲ್ಲಿ.

"ಅಳದು ಬಿಡ್ತೇನಿ," ಎಂದಳು ಅಕ್ಕ. ನಗು ಹೋಗಿತ್ತು.

"ಗಂಗವ್ವನ ಮೀನು ಅಳೀತಾರೇನು?" ಎನ್ನುತ್ತ ಕಾಕಾ ಅಂಗಿಯ ಕಿಸೆಯಿಂದ ಒಂದು ಪುಡಿಕೆ ತೆಗೆದರು. ಅರಿಶಿನ.

ಅಕ್ಕ ಪುಡಿಕೆಯನ್ನು ನೋಡಿದಳು. ಕಾಕಾನನ್ನು ನೋಡಿದಳು. "ಕೆರ್‍ಯಾಗ ಮೀನ ಇಲ್ಲ ಅಂದವ್ರು ಅರಿಷಿಣ ಯಾಕ ಕಟಗೊಂಡು ಬಂದೀರಿ?"

ಹೆಂಗಸರು ಹೋ ಎಂದು ನಕ್ಕರು. ಕಾಕಾ ತಲೆ ಎತ್ತದೆ ಮೀನಿನ ಹಣೆಗೆ ಬಹಳ ಹೊತ್ತು ಅರಿಶಿನ ಹಚ್ಚಿದರು. ಬಹಳ ಹೊತ್ತು ಎಂಬುದು ನನ್ನ ಲೆಕ್ಕ. ಮೀನು ಅಷ್ಟು ಹೊತ್ತು ತಾಳುವುದಿಲ್ಲ. ಅಕ್ಕ ಬಗ್ಗಿ ತೋಳು ಸಡಿಲಿಸಿದಳು. ಹಳದಿ ಹಣೆ ಒಮ್ಮೆ ಹೊರಳಿ ಕೆಸರಿನಲ್ಲಿ ಕರಗಿತು. ಆಮೇಲೆ ಅವಳು ಸಿಕ್ಕಿಕೊಂಡ ಬಲೆಯನ್ನಷ್ಟೇ ಕೊಯ್ದಳು, ಕಂಟಿಯನ್ನು ಮುಟ್ಟಲಿಲ್ಲ.

ಆಚೆ ದಂಡೆಯಿಂದ ಕೂಗು ಬಂತು: "ಏನ್ ಸಿಕ್ತೋ? ಎಷ್ಟುದ್ದ ಐತೋ?"

ಎಲ್ಲರ ಕೈಗಳೂ ಒಟ್ಟಿಗೆ ಎದ್ದವು. ಒಬ್ಬಾಕೆಯದು ಒಂದಳತೆ, ಇನ್ನೊಬ್ಬಾಕೆಯದು ಇನ್ನೊಂದು. ನನ್ನ ಕೈಗಳ ನಡುವಿನ ಜಾಗ ಅವತ್ತು ಎಷ್ಟಿತ್ತೋ, ಈಗ ಅದಕ್ಕಿಂತ ಜಾಸ್ತಿಯಾಗಿದೆ ಎಂಬ ಗುಮಾನಿ ನನಗಿದೆ. ಅಕ್ಕ ಮಾತ್ರ ಕೈ ಎತ್ತದೆ ಕಾಕಾನನ್ನೇ ನೋಡುತ್ತಿದ್ದಳು.

ಕಾಕಾ ದಂಡೆಯ ಎತ್ತರಕ್ಕೆ ಹತ್ತಿ, ಎಲ್ಲರಿಗೂ ಕಾಣುವ ಹಾಗೆ ನಿಂತು, ಎರಡೂ ಕೈ ಚಾಚಿದರು. ಚಾಚಿದರು, ಇನ್ನೂ ಚಾಚಿದರು, ಅಂಗಿಯ ಗುಂಡಿ ಹರಿಯುವಷ್ಟು.

"ಇಷ್ಟು!"

"ಮೋಟರ್ ತರಬೇಕೇನ್ರಿ?"

"ಯಾವ ಮೋಟರಲೇ? ಮೀನ ತುಂಬೇತಿ ಕೆರ್‍ಯಾಗ!"

ಅಕ್ಕ ನೀರಿನಿಂದ ಮೇಲೆ ಬರುತ್ತ, ಅಂಗಿ ಹಿಂಡುತ್ತ, ಮೆಲ್ಲಗೆ ಅಂದಳು: "ಅಷ್ಟ ಇರಲಿಲ್ಲ ಬಿಡ್ರಿ ಕಾಕಾ."

"ನೀ ಸುಮ್ನಿರು," ಕಾಕಾ ಗದರಿದರು, ಕೈ ಇನ್ನೂ ಇಳಿಸದೆ. "ನಿನಗೇನ ಗೊತ್ತು?"